ಹೋಮೋಸಿಸ್ಟೀನ್ ಜಾಸ್ತಿ ಬಂದ್ರೆ ಹೃದಯಕ್ಕೆ ಅಪಾಯವಾ? ವಿಟಮಿನ್ ನುಂಗಿದ್ರೆ ಸರಿಹೋಗುತ್ತಾ?

ಹೆಲ್ತ್ ಚೆಕಪ್ ಪ್ಯಾಕೇಜುಗಳು ಅಗ್ಗವಾದ ಮೇಲೆ ರಿಪೋರ್ಟುಗಳು ಉದ್ದವಾಗಿವೆ. ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಅವುಗಳ ನಡುವೆ ಈಗ ‘ಹೋಮೋಸಿಸ್ಟೀನ್’ ಅಂತ ಒಂದು ಸಾಲು ಬರುತ್ತದೆ. ಅದರ ಮುಂದೆ 24 ಅಂತಲೋ 31 ಅಂತಲೋ ದಪ್ಪಕ್ಷರದಲ್ಲಿ ಒಂದು ಸಂಖ್ಯೆ, ಪಕ್ಕದಲ್ಲಿ ‘ಹೈ’. ಸಾಮಾನ್ಯವಾಗಿ ಇರಬೇಕಾದದ್ದು 5ರಿಂದ 15ರ ಒಳಗೆ. ಕೆಳಗೆ ಸಣ್ಣಕ್ಷರದಲ್ಲಿ ಹೃದಯಾಘಾತ, ಪಾರ್ಶ್ವವಾಯು ಅನ್ನುವ ಮಾತು ಬೇರೆ. ಅಲ್ಲಿಗೆ ಆ ರಾತ್ರಿಯ ನಿದ್ದೆ ಹೋಯಿತು.

ಮೊಬೈಲಿನಲ್ಲಿ ಹುಡುಕಿದರೆ ಎರಡು ಥರದ ಉತ್ತರ ಸಿಗುತ್ತದೆ. ‘ಕೊಲೆಸ್ಟರಾಲ್ ಎಲ್ಲ ಸುಳ್ಳು, ಹೃದಯದ ನಿಜವಾದ ಶತ್ರು ಇದೇ, ಬಿ ವಿಟಮಿನ್ ತಗೊಂಡ್ರೆ ಸಾಕು’ ಅನ್ನುವವರು ಕೆಲವರು. ‘ಈ ಟೆಸ್ಟೇ ದಂಡ, ಸುಮ್ನೆ ದುಡ್ಡು ಹಾಳು’ ಅನ್ನುವವರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಯಾವುದು ಎಷ್ಟು ಸತ್ಯ ಅಂತ ತಿಳಿಯಬೇಕಾದರೆ ಅಮೆರಿಕದ ಒಬ್ಬ ಡಾಕ್ಟರ ಕಥೆ ಗೊತ್ತಿರಬೇಕು. ಅವರ ಹೆಸರು ಕಿಲ್ಮರ್ ಮೆಕಲಿ. ಹೃದಯದ ಕಾಯಿಲೆಗೂ ಬಿ ವಿಟಮಿನ್ನುಗಳಿಗೂ ನಂಟಿದೆ ಅಂತ 1969ರಲ್ಲೇ ಬರೆದವರು ಅವರು. ಆ ಮಾತಿಗಾಗಿ ಮುಂದೆ ಕೆಲಸವನ್ನೂ ಕಳೆದುಕೊಂಡರು. 2025ರ ಫೆಬ್ರವರಿಯಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೋಮೋಸಿಸ್ಟೀನ್ ಎಲ್ಲಿಂದ ಬರುತ್ತದೆ?

ಇದು ಹೊರಗಿನಿಂದ ಬರುವ ವಿಷವಲ್ಲ. ನಮ್ಮ ಮೈಯೇ ದಿನಾ ತಯಾರಿಸುವ ವಸ್ತು.

ಬೇಳೆ, ಹಾಲು, ಮೊಟ್ಟೆ, ಮೀನು, ಮಾಂಸ ಇವುಗಳಲ್ಲಿರುವ ಪ್ರೊಟೀನ್ ಹೊಟ್ಟೆಯಲ್ಲಿ ಸಣ್ಣ ಸಣ್ಣ ತುಂಡಾಗುತ್ತದೆ. ಆ ತುಂಡುಗಳಿಗೆ ಅಮೈನೋ ಆಮ್ಲ ಅಂತ ಹೆಸರು. ಅವುಗಳಲ್ಲಿ ಒಂದು ಮೆಥಿಯೋನಿನ್. ದೇಹ ಇದನ್ನು ನೂರಾರು ಕೆಲಸಕ್ಕೆ ಬಳಸುತ್ತದೆ. ಬಳಸಿದ ಮೇಲೆ ಉಳಿಯುವುದೇ ಹೋಮೋಸಿಸ್ಟೀನ್. ಇದನ್ನು 1932ರಲ್ಲಿ ಗುರುತಿಸಿದ್ದು ಅಮೆರಿಕದ ರಸಾಯನ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ ಅವರ ಪ್ರಯೋಗಾಲಯ. ಮುಂದೆ 1955ರಲ್ಲಿ ಅವರಿಗೆ ನೊಬೆಲ್ ಬಂತು.

ಮನೆ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಒಂದು ಪೈಪಿನಿಂದ ನೀರು ಒಳಗೆ ಬರುತ್ತಲೇ ಇದೆ. ಹೊರಗೆ ಹೋಗಲು ಎರಡು ಪೈಪ್, ಎರಡಕ್ಕೂ ಒಂದೊಂದು ವಾಲ್ವ್. ಮೊದಲನೇ ಪೈಪ್ ಹೋಮೋಸಿಸ್ಟೀನನ್ನು ವಾಪಸ್ ಮೆಥಿಯೋನಿನ್ ಆಗಿ ಮಾಡಿ ಕಳಿಸುತ್ತದೆ. ಇದರ ವಾಲ್ವ್ ತಿರುಗಬೇಕಾದರೆ ಫೋಲೇಟ್ (ಇದೂ ಒಂದು ಬಿ ವಿಟಮಿನ್) ಮತ್ತು ಬಿ12 ಎರಡೂ ಬೇಕು. ಎರಡನೇ ಪೈಪ್ ಅದನ್ನು ಸಿಸ್ಟೀನ್ ಅನ್ನುವ ಬೇರೆ ಅಮೈನೋ ಆಮ್ಲ ಮಾಡುತ್ತದೆ. ಆ ವಾಲ್ವಿಗೆ ಬೇಕಾದದ್ದು ಬಿ6. ಇದರಲ್ಲಿ ಯಾವ ವಿಟಮಿನ್ ಕಡಿಮೆಯಾದರೂ ವಾಲ್ವ್ ಬಿಗಿಯಾಗುತ್ತದೆ, ಟ್ಯಾಂಕಿನ ಮಟ್ಟ ಏರುತ್ತದೆ. ಲ್ಯಾಬಿನವರು ಅಳೆಯುವುದು ಈ ಮಟ್ಟವನ್ನೇ. ಮಟ್ಟ ಎಷ್ಟಿದೆ ಅಂತ ಅದು ಹೇಳುತ್ತದೆ. ಯಾವ ವಾಲ್ವ್ ಕೆಟ್ಟಿದೆ ಅಂತ ಹೇಳುವುದಿಲ್ಲ.

ಎಂಟು ವರ್ಷದ ಹುಡುಗ, ಎರಡು ತಿಂಗಳ ಕೂಸು

1962ರ ಸುಮಾರಿಗೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಡಾಕ್ಟರುಗಳು ಬುದ್ಧಿ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಕೆಲವರ ಮೂತ್ರದಲ್ಲಿ ಹೋಮೋಸಿಸ್ಟೀನಿಗೆ ಸಂಬಂಧಿಸಿದ ವಸ್ತು ಹೇರಳವಾಗಿ ಸಿಕ್ಕಿತು. ಹುಟ್ಟಿನಿಂದಲೇ ಬರುವ ಈ ಅಪರೂಪದ ಕಾಯಿಲೆಗೆ ಹೋಮೋಸಿಸ್ಟಿನ್ಯೂರಿಯಾ ಅಂತ ಹೆಸರಿಟ್ಟರು. ಈ ಮಕ್ಕಳು ಸಪೂರ, ಎತ್ತರ. ಕಣ್ಣಿನ ಮಸೂರ ಜಾಗ ಬಿಟ್ಟು ಜಾರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಸಣ್ಣ ವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯುತ್ತದೆ.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1965ರಲ್ಲಿ ಒಂಬತ್ತು ವರ್ಷದ ಹುಡುಗಿಗೆ ಇದೇ ಕಾಯಿಲೆ ಪತ್ತೆಯಾಯಿತು. ಆಗ ಮನೆಯವರು ಹಳೆಯ ವಿಷಯ ಒಂದನ್ನು ಹೇಳಿದರು. ಹುಡುಗಿಯ ಮಾವ ಎಂಟು ವರ್ಷದವನಿದ್ದಾಗ ಇದೇ ಆಸ್ಪತ್ರೆಯಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡಿದ್ದ. ಅದು 1933ರಲ್ಲಿ. ಎಂಟು ವರ್ಷದ ಹುಡುಗನಿಗೆ ಪಾರ್ಶ್ವವಾಯು ಅಂದರೆ ಎಷ್ಟು ವಿಚಿತ್ರ ಅಂತ ಆಗಿನವರಿಗೂ ಅನ್ನಿಸಿತ್ತು. ಹಾಗಾಗಿ ಆ ಪ್ರಕರಣ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಮೆಕಲಿ ಅದೇ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞರು, ಅಂದರೆ ಪೆಥಾಲಜಿಸ್ಟ್. ತೀರಿಕೊಂಡವರ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಏನಿತ್ತು ಅಂತ ಹೇಳುವುದು ಅವರ ಕೆಲಸ. ಈ ಮಾವ-ಸೊಸೆಯ ವಿಷಯ ಕಿವಿಗೆ ಬಿದ್ದಿದ್ದೇ ಅವರು ಆಸ್ಪತ್ರೆಯ ಹಳೆಯ ದಾಸ್ತಾನು ಹುಡುಕಿಸಿದರು. ಮೂವತ್ತೈದು ವರ್ಷ ಹಿಂದಿನ ಆ ಹುಡುಗನ ಅಂಗಾಂಶದ ತುಣುಕುಗಳು ಅಲ್ಲೇ ಜೋಪಾನವಾಗಿದ್ದವು. ಮತ್ತೆ ತೆಳುವಾಗಿ ಕತ್ತರಿಸಿ ನೋಡಿದರೆ, ಮಿದುಳಿಗೆ ರಕ್ತ ಒಯ್ಯುವ ನಾಳಗಳು ಮುದುಕರ ನಾಳದ ಹಾಗೆ ದಪ್ಪಗಾಗಿ ಗಡುಸಾಗಿದ್ದವು. ಇನ್ನೂ ಒಂದು ವಿಷಯ ಅವರ ಕಣ್ಣಿಗೆ ಬಿತ್ತು. ವಯಸ್ಸಾದವರ ನಾಳಗಳಲ್ಲಿ ಕಾಣುವ ಕೊಬ್ಬಿನ ಶೇಖರಣೆ ಇಲ್ಲಿ ಇರಲಿಲ್ಲ.

ಇದೊಂದರಿಂದ ಏನೂ ಸಾಬೀತಾಗುವುದಿಲ್ಲ. ಈ ಕಾಯಿಲೆಯಲ್ಲಿ ಕೆಡುವುದು ಎರಡನೇ ವಾಲ್ವ್, ಬಿ6 ಬೇಕಾಗುವುದು. ಅದು ಕೆಟ್ಟಾಗ ಹೋಮೋಸಿಸ್ಟೀನ್ ಏರುತ್ತದೆ, ಅದರ ಜೊತೆ ಮೆಥಿಯೋನಿನ್ನೂ ಏರುತ್ತದೆ. ನಾಳ ಹಾಳು ಮಾಡಿದ್ದು ಈ ಎರಡರಲ್ಲಿ ಯಾವುದು? ಹೇಳುವುದು ಹೇಗೆ?

ಉತ್ತರ ಕೊಟ್ಟಿದ್ದು ಇನ್ನೊಂದು ಮಗು. ಎರಡು ತಿಂಗಳ ಗಂಡು ಕೂಸು, ಅದೂ ತೀರಿಕೊಂಡಿತ್ತು. ಅದರ ಮೈಯಲ್ಲೂ ಹೋಮೋಸಿಸ್ಟೀನ್ ಏರಿತ್ತು, ಆದರೆ ದೋಷ ಬೇರೆ ಕಡೆ ಇತ್ತು. ಅದಕ್ಕೆ ಕೆಟ್ಟಿದ್ದು ಮೊದಲನೇ ವಾಲ್ವ್, ಬಿ12 ಬೇಕಾಗುವುದು. ಹಾಗಾಗಿ ಮೆಥಿಯೋನಿನ್ ಏರಿರಲಿಲ್ಲ, ಕಡಿಮೆಯಾಗಿತ್ತು. ಮೆಕಲಿ ಈ ಕೂಸಿನ ರಕ್ತನಾಳ ನೋಡಿದರು. ಅಲ್ಲೂ ಅದೇ ದಪ್ಪ, ಅದೇ ಗಡಸು, ಮೈ ತುಂಬಾ. ಎರಡು ತಿಂಗಳಲ್ಲಿ!

ಒಬ್ಬನಲ್ಲಿ ಮೆಥಿಯೋನಿನ್ ಜಾಸ್ತಿ, ಇನ್ನೊಬ್ಬನಲ್ಲಿ ಕಡಿಮೆ. ಇಬ್ಬರಲ್ಲೂ ಸಮಾನವಾಗಿ ಏರಿದ್ದು ಹೋಮೋಸಿಸ್ಟೀನ್ ಮಾತ್ರ. ಹಾಗಾದರೆ ನಾಳ ಕೆಡಿಸಿದ್ದು ಅದೇ. ಇಷ್ಟು ಸರಳವಾದ, ಇಷ್ಟು ಬಿಗಿಯಾದ ತರ್ಕ ವೈದ್ಯಕೀಯದಲ್ಲಿ ಅಪರೂಪ. ಮುಂದೆ ಮೂರನೇ ಬಗೆಯ ದೋಷವಿದ್ದ ಮಕ್ಕಳಲ್ಲೂ ನಾಳಗಳು ಇದೇ ರೀತಿ ಕೆಟ್ಟಿರುವುದು ಕಂಡಿತು.

ಅಪರೂಪದ ಕಾಯಿಲೆಯಿಂದ ಎಲ್ಲರ ಕಾಯಿಲೆಗೆ

ಮೆಕಲಿ ಅಲ್ಲಿಗೆ ನಿಲ್ಲಲಿಲ್ಲ. 1969ರಲ್ಲಿ ಅಮೆರಿಕದ ರೋಗಶಾಸ್ತ್ರ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲೇ ಮುಂದಿನ ಹೆಜ್ಜೆ ಇಟ್ಟರು. ಹೋಮೋಸಿಸ್ಟೀನ್ ವಿಪರೀತ ಏರಿದಾಗ ಮಗುವಿನ ನಾಳ ತಿಂಗಳುಗಳಲ್ಲಿ ಕೆಡುತ್ತದೆ. ಹಾಗಾದರೆ ಸ್ವಲ್ಪವೇ ಏರಿದ್ದು ಮೂವತ್ತು ನಲವತ್ತು ವರ್ಷ ಹಾಗೇ ಉಳಿದರೆ? ಸಾಮಾನ್ಯ ಜನರ ಹೃದಯಾಘಾತಕ್ಕೂ ಇದೇ ಕಾರಣ ಯಾಕಾಗಬಾರದು? ಸಂಸ್ಕರಿಸಿದ ಆಹಾರ ತಿಂದು ಬಿ6, ಫೋಲೇಟ್ ಕಡಿಮೆಯಾದವರಿಗೆ ಅಪಾಯ ಹೆಚ್ಚು, ಆ ವಿಟಮಿನ್ನುಗಳನ್ನು ತುಂಬಿಕೊಟ್ಟರೆ ಅಪಾಯ ತಪ್ಪುತ್ತದೆ ಅನ್ನುವುದು ಅವರ ವಾದ. ಮೊಲಗಳಿಗೆ ಹೋಮೋಸಿಸ್ಟೀನ್ ಕೊಟ್ಟು ಅವುಗಳ ನಾಳ ಕೆಡುವುದನ್ನೂ ತೋರಿಸಿದರು.

ಕಾಲ ಮಾತ್ರ ಅವರ ಪರವಾಗಿರಲಿಲ್ಲ. ಹೃದಯಾಘಾತಕ್ಕೆ ಕಾರಣ ಕೊಲೆಸ್ಟರಾಲ್ ಅನ್ನುವ ವಿಚಾರ ಆಗ ಬೇರು ಬಿಡುತ್ತಿತ್ತು. ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆಯುತ್ತಿದ್ದ ದೊಡ್ಡ ಅಧ್ಯಯನ ಆ ಕಡೆಗೇ ಬೆರಳು ತೋರಿಸಿತ್ತು. ಸಂಶೋಧನೆಯ ಹಣವೂ ಆ ಕಡೆಗೇ ಹರಿಯುತ್ತಿತ್ತು. ‘ಕೊಬ್ಬಿಲ್ಲದೆಯೂ ನಾಳ ಗಡುಸಾಗಬಹುದು’ ಅನ್ನುವವರ ಮಾತು ಯಾರಿಗೆ ಬೇಕು? ಮೆಕಲಿಗೆ ಸಿಗುತ್ತಿದ್ದ ಹಣ ನಿಂತಿತು. ಪ್ರಯೋಗಾಲಯ ನೆಲಮಾಳಿಗೆಗೆ ಹೋಯಿತು. 1970ರ ದಶಕ ಮುಗಿಯುವ ಹೊತ್ತಿಗೆ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆ ಎರಡನ್ನೂ ಬಿಡಬೇಕಾಯಿತು. ಸುಮಾರು ಎರಡು ವರ್ಷ ಕೆಲಸವಿರಲಿಲ್ಲ. ಕೊನೆಗೆ 1981ರಲ್ಲಿ ರೋಡ್ ಐಲ್ಯಾಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆ ಅವರನ್ನು ತೆಗೆದುಕೊಂಡಿತು.

ಈ ಕಥೆಯನ್ನು ‘ಸತ್ಯ ಹೇಳಿದವನನ್ನು ಮೂಲೆಗುಂಪು ಮಾಡಿದರು’ ಅಂತ ಹೇಳುವುದು ರೂಢಿ. ಅವರಿಗೆ ಅನ್ಯಾಯವಾದದ್ದು ನಿಜ. ಆದರೆ ಅವರ ವಾದದಲ್ಲಿ ಎರಡು ಭಾಗವಿತ್ತು ಅನ್ನುವುದು ಈ ಕಥೆ ಹೇಳುವವರಿಗೆ ಮರೆತುಹೋಗುತ್ತದೆ. ಹೋಮೋಸಿಸ್ಟೀನ್ ಜಾಸ್ತಿ ಇರುವವರಿಗೆ ಹೃದಯದ ಕಾಯಿಲೆ ಜಾಸ್ತಿ ಅನ್ನುವುದು ಒಂದು. ವಿಟಮಿನ್ ಕೊಟ್ಟು ಅದನ್ನು ಇಳಿಸಿದರೆ ಕಾಯಿಲೆ ತಪ್ಪುತ್ತದೆ ಅನ್ನುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.

ಮೊದಲ ಭಾಗ ಗೆದ್ದಿತು

1976ರಲ್ಲಿ ಆಸ್ಟ್ರೇಲಿಯಾದ ಡಾಕ್ಟರುಗಳು ಹೃದಯ ರೋಗಿಗಳಲ್ಲಿ ಹೋಮೋಸಿಸ್ಟೀನ್ ಹೆಚ್ಚಿರುವುದನ್ನು ತೋರಿಸಿದರು. ಆಮೇಲೆ ಅದನ್ನು ಸುಲಭವಾಗಿ ಅಳೆಯುವ ಯಂತ್ರಗಳು ಬಂದವು. 1992ರಲ್ಲಿ ಅಮೆರಿಕದ ಸುಮಾರು 15 ಸಾವಿರ ಗಂಡಸರ ಮೇಲಿನ ಅಧ್ಯಯನವೊಂದು ಎಲ್ಲರ ಗಮನ ಸೆಳೆಯಿತು. ಅದರಲ್ಲಿ ಇದ್ದವರೆಲ್ಲ ವೈದ್ಯರೇ. ಹೋಮೋಸಿಸ್ಟೀನ್ ತೀರಾ ಹೆಚ್ಚಿದ್ದವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಮೂರು ಪಟ್ಟು ಇತ್ತು. ಮರುವರ್ಷವೇ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಿಂದಲೂ ಸಾಕ್ಷಿ ಬಂತು. ಅಲ್ಲಿನ ವಯಸ್ಸಾದವರಲ್ಲಿ ಯಾರಿಗೆ ಫೋಲೇಟ್, ಬಿ12, ಬಿ6 ಕಡಿಮೆ ಇತ್ತೋ ಅವರಿಗೇ ಹೋಮೋಸಿಸ್ಟೀನ್ ಏರಿತ್ತು. ಕೊಲೆಸ್ಟರಾಲ್ ವಾದಕ್ಕೆ ಬಲ ಕೊಟ್ಟ ಊರೇ ಈಗ ಮೆಕಲಿಯ ಪರ ಮಾತಾಡಿತ್ತು.

1998ರ ಜನವರಿಯಿಂದ ಅಮೆರಿಕದಲ್ಲಿ ಮೈದಾದಂಥ ಹಿಟ್ಟುಗಳಿಗೆ ಫೋಲಿಕ್ ಆಮ್ಲ, ಅಂದರೆ ತಯಾರಿಸಿದ ರೂಪದ ಫೋಲೇಟ್, ಬೆರೆಸುವುದು ಕಡ್ಡಾಯವಾಯಿತು. ಅದು ಮಾಡಿದ್ದು ಹೃದಯಕ್ಕೆಂದಲ್ಲ, ಹುಟ್ಟುವ ಮಕ್ಕಳ ಬೆನ್ನುಹುರಿಯ ದೋಷ ತಪ್ಪಿಸಲು. ಆದರೆ ಅದರಿಂದ ಇಡೀ ದೇಶದ ಹೋಮೋಸಿಸ್ಟೀನೂ ಸ್ವಲ್ಪ ಇಳಿಯಿತು. ಮುಂದೆ ಬರುವ ಲೆಕ್ಕಕ್ಕೆ ಈ ವಿಷಯ ಬೇಕು, ನೆನಪಿಡಿ.

ಎರಡನೇ ಭಾಗದ ಪರೀಕ್ಷೆ

ಈಗ ಉಳಿದದ್ದು ನಿಜವಾದ ಪರೀಕ್ಷೆ. ಸಾವಿರಾರು ಜನರನ್ನು ಸೇರಿಸಿಕೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ವಿಟಮಿನ್, ಇನ್ನೊಂದಕ್ಕೆ ನೋಡಲು ಅದೇ ಥರ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ತಿಳಿಯಬಾರದು, ತಗೊಳ್ಳುವವರಿಗೂ ತಿಳಿಯಬಾರದು. ಕೆಲವು ವರ್ಷ ಬಿಟ್ಟು ಎಷ್ಟು ಜನಕ್ಕೆ ಹೃದಯಾಘಾತವಾಯಿತು ಅಂತ ಎಣಿಸಬೇಕು. ಇದೆಲ್ಲ ಯಾಕೆ ಅಂದರೆ, ತಾವಾಗಿಯೇ ವಿಟಮಿನ್ ತಗೊಳ್ಳುವವರು ಸಾಮಾನ್ಯವಾಗಿ ವಾಕಿಂಗೂ ಮಾಡುತ್ತಾರೆ, ಸಿಗರೇಟೂ ಸೇದುವುದಿಲ್ಲ. ಅವರ ಹೃದಯ ಚೆನ್ನಾಗಿದ್ದರೆ ಅದು ವಿಟಮಿನ್ನಿನಿಂದಲೋ ವಾಕಿಂಗಿನಿಂದಲೋ ಗೊತ್ತಾಗುವುದಿಲ್ಲ ಅಲ್ವಾ?

ಇಂಥ ಪರೀಕ್ಷೆ ಎಷ್ಟು ಮುಖ್ಯ ಅನ್ನುವುದಕ್ಕೆ ಇನ್ನೊಂದು ವಿಟಮಿನ್ನಿನ ಕಥೆಯೂ ಇದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್ ಅನ್ನುವ ಊರಿನಲ್ಲಿ 1940ರ ದಶಕದಲ್ಲಿ ಶೂಟ್ ಸಹೋದರರು ಅನ್ನುವ ವೈದ್ಯರು ಹೃದಯ ರೋಗಿಗಳಿಗೆ ವಿಟಮಿನ್ ಇ ಕೊಡುತ್ತಿದ್ದರು. ಸಾವಿರಾರು ಜನ ಗುಣವಾದೆವು ಅಂತ ನಂಬಿದರು. 2000ದಲ್ಲಿ ಅದೇ ಒಂಟಾರಿಯೋದ ಹ್ಯಾಮಿಲ್ಟನ್ ಊರಿನಿಂದ ನಡೆದ ‘ಹೋಪ್’ ಪರೀಕ್ಷೆ 9,500ಕ್ಕೂ ಹೆಚ್ಚು ಜನರಿಗೆ ವಿಟಮಿನ್ ಇ ಅಥವಾ ಖಾಲಿ ಮಾತ್ರೆ ಕೊಟ್ಟು ನಾಲ್ಕೂವರೆ ವರ್ಷ ಕಾದಿತು. ವ್ಯತ್ಯಾಸವೇ ಕಾಣಲಿಲ್ಲ. ಈ ಪರೀಕ್ಷೆಯ ಮುಂದಾಳು ಡಾ. ಸಲೀಂ ಯೂಸುಫ್ ಕೇರಳದವರು, ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ.

ಅದೇ ತಂಡ ಬಿ ವಿಟಮಿನ್ನುಗಳನ್ನೂ ಪರೀಕ್ಷೆಗೆ ಹಾಕಿತು. ಹೆಸರು ‘ಹೋಪ್-2’. ಹೃದಯದ ಅಥವಾ ರಕ್ತನಾಳದ ಕಾಯಿಲೆ ಇದ್ದ, ಇಲ್ಲವೇ ಸಕ್ಕರೆ ಕಾಯಿಲೆ ಇದ್ದ 5,522 ಜನ. ಅರ್ಧ ಜನಕ್ಕೆ ದಿನಾ ಫೋಲಿಕ್ ಆಮ್ಲ, ಬಿ6, ಬಿ12 ಮೂರೂ ಸೇರಿದ ಮಾತ್ರೆ. ಐದು ವರ್ಷ. ಫಲಿತಾಂಶ ಬಂದದ್ದು 2006ರಲ್ಲಿ.

ಹೋಮೋಸಿಸ್ಟೀನ್ ಇಳಿದಿತ್ತು, ಅಂದುಕೊಂಡ ಹಾಗೆಯೇ. ಆದರೆ ಹೃದಯದ ಕಾರಣದಿಂದ ಸತ್ತವರು, ಹೃದಯಾಘಾತವಾದವರು, ಪಾರ್ಶ್ವವಾಯುವಾದವರು ಎಲ್ಲ ಸೇರಿ ವಿಟಮಿನ್ ಗುಂಪಿನಲ್ಲಿ ಶೇ. 18.8, ಖಾಲಿ ಮಾತ್ರೆ ಗುಂಪಿನಲ್ಲಿ ಶೇ. 19.8. ಈ ಒಂದು ಅಂಕಿಯ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಸಣ್ಣದು. ಅದೇ ವರ್ಷ ನಾರ್ವೆ ದೇಶದಲ್ಲಿ, ಆಗಷ್ಟೇ ಹೃದಯಾಘಾತವಾಗಿದ್ದ 3,749 ಜನರ ಮೇಲೆ ನಡೆದ ‘ನಾರ್ವಿಟ್’ ಪರೀಕ್ಷೆಯ ಉತ್ತರವೂ ಬಂತು. ಹೋಮೋಸಿಸ್ಟೀನ್ ಶೇ. 27ರಷ್ಟು ಇಳಿದಿತ್ತು. ಲಾಭ ಮಾತ್ರ ಇರಲಿಲ್ಲ. ಮೂರೂ ವಿಟಮಿನ್ ಒಟ್ಟಿಗೆ ತಗೊಂಡವರಲ್ಲಿ ಅಪಾಯ ಸ್ವಲ್ಪ ಏರಿದಂತೆಯೇ ಕಂಡಿತು. ಆಮೇಲೆ ಬ್ರಿಟನ್ನಿನಲ್ಲಿ 12 ಸಾವಿರ ಜನರ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು, 2010ರಲ್ಲಿ ಉತ್ತರ ಬಂತು. ಅದೂ ಇದೇ ಹಾಡು.

ಪಾರ್ಶ್ವವಾಯುವಿನ ಕಥೆ ಮಾತ್ರ ಸ್ವಲ್ಪ ಬೇರೆ. ಹೋಪ್-2ರಲ್ಲೇ ಪಾರ್ಶ್ವವಾಯು ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. 2015ರಲ್ಲಿ ಚೀನಾದಿಂದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. ಬಿಪಿ ಇದ್ದ 20,702 ಜನರಲ್ಲಿ ಅರ್ಧ ಜನಕ್ಕೆ ಬರೀ ಬಿಪಿ ಮಾತ್ರೆ, ಉಳಿದವರಿಗೆ ಬಿಪಿ ಮಾತ್ರೆಯ ಜೊತೆ ಫೋಲಿಕ್ ಆಮ್ಲ. ನಾಲ್ಕೂವರೆ ವರ್ಷದಲ್ಲಿ ಬರೀ ಬಿಪಿ ಮಾತ್ರೆ ತಗೊಂಡವರಲ್ಲಿ ಶೇ. 3.4 ಜನಕ್ಕೆ ಪಾರ್ಶ್ವವಾಯು, ಫೋಲಿಕ್ ಸೇರಿಸಿದವರಲ್ಲಿ ಶೇ. 2.7. ನೂರಕ್ಕೆ ಒಬ್ಬರಿಗೂ ಕಡಿಮೆ ಅಂತ ಅನ್ನಿಸಬಹುದು. ಕೋಟಿಗಟ್ಟಲೆ ಬಿಪಿ ರೋಗಿಗಳಿರುವ ದೇಶಕ್ಕೆ ಅದು ಸಣ್ಣ ಲೆಕ್ಕವಲ್ಲ. ಚೀನಾದಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವ ಪದ್ಧತಿ ಇರಲಿಲ್ಲ ಅನ್ನುವುದು ಇಲ್ಲಿ ಮುಖ್ಯ. ಕೊರತೆ ಇದ್ದ ಕಡೆ ಕೊಟ್ಟಾಗ ಉಪಯೋಗ ಕಂಡಿತು.

ಸಂಖ್ಯೆ ಇಳಿದರೂ ಹೃದಯಾಘಾತ ಯಾಕೆ ಇಳಿಯಲಿಲ್ಲ?

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಹೃದಯಾಘಾತವನ್ನೂ ಇಳಿಸಿದವು. ಹೋಮೋಸಿಸ್ಟೀನ್ ಇಳಿಸುವ ವಿಟಮಿನ್ ಹಾಗೆ ಮಾಡಲಿಲ್ಲ. ಇದಕ್ಕೆ ತಜ್ಞರು ಕೊಡುವ ಕಾರಣಗಳು ಒಂದಕ್ಕಿಂತ ಹೆಚ್ಚು.

ಮೊದಲನೆಯದು, ಹೋಮೋಸಿಸ್ಟೀನ್ ಏರುವುದು ಬೇರೆ ತೊಂದರೆಯ ಲಕ್ಷಣ ಇರಬಹುದು. ಮೂತ್ರಪಿಂಡ ದುರ್ಬಲವಾದರೆ ಹೋಮೋಸಿಸ್ಟೀನ್ ಏರುತ್ತದೆ. ಮೂತ್ರಪಿಂಡ ದುರ್ಬಲವಾದವರಿಗೆ ಹೃದಯಾಘಾತವೂ ಜಾಸ್ತಿ. ಸಿಗರೇಟು ಸೇದುವವರಲ್ಲೂ ಅದು ಏರುತ್ತದೆ. ಹೀಗಿರುವಾಗ ಬರೀ ಸಂಖ್ಯೆಯನ್ನು ಇಳಿಸಿದರೆ ಮೂಲ ತೊಂದರೆ ಹಾಗೇ ಉಳಿಯುತ್ತದೆ.

ಇದನ್ನು ಪರೀಕ್ಷಿಸಲು ಪ್ರಕೃತಿಯೇ ಒಂದು ದಾರಿ ಕೊಟ್ಟಿದೆ. ಫೋಲೇಟನ್ನು ಕೆಲಸಕ್ಕೆ ಸಿದ್ಧಮಾಡುವ ಒಂದು ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ. ಎಂಟಿಎಚ್‌ಎಫ್‌ಆರ್ ಅಂತ ಅದರ ಹೆಸರು. ಅಂಥವರ ಹೋಮೋಸಿಸ್ಟೀನ್ ಜೀವನಪೂರ್ತಿ ಸ್ವಲ್ಪ ಮೇಲೆಯೇ ಇರುತ್ತದೆ. ಹೋಮೋಸಿಸ್ಟೀನೇ ಅಪರಾಧಿಯಾಗಿದ್ದರೆ ಇವರಿಗೆ ಹೃದಯಾಘಾತ ಜಾಸ್ತಿ ಆಗಬೇಕಿತ್ತು. 2012ರಲ್ಲಿ ಹತ್ತಾರು ಅಧ್ಯಯನ ಒಟ್ಟು ಮಾಡಿ ಲೆಕ್ಕ ಹಾಕಿದಾಗ ಹಾಗೆ ಕಾಣಲಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಗಟ್ಟಿ ಸಾಕ್ಷಿ ಅನ್ನಿಸುವುದು ಇದೇ.

ಇನ್ನೊಂದು ಕಾರಣವನ್ನು ಮೆಕಲಿಯ ಪರ ಇರುವವರು ಹೇಳುತ್ತಾರೆ. ಪರೀಕ್ಷೆಗೆ ಸೇರಿದವರು ಆಗಲೇ ಕಾಯಿಲೆ ಬಲಿತವರು. ಅವರಲ್ಲಿ ಬಹಳ ಜನ ಸ್ಟ್ಯಾಟಿನ್, ಆಸ್ಪಿರಿನ್ ಎಲ್ಲ ತಗೊಳ್ಳುತ್ತಿದ್ದರು. ಹೋಪ್-2ಗೆ ಸೇರಿದವರಲ್ಲಿ ತುಂಬಾ ಜನ ಅಮೆರಿಕ, ಕೆನಡಾದವರು, ಬ್ರೆಡ್ಡಿನ ಮೂಲಕವೇ ಫೋಲಿಕ್ ಆಮ್ಲ ಸಿಗುತ್ತಿದ್ದವರು. ಟ್ಯಾಂಕಿನ ಮಟ್ಟ ಅಷ್ಟೇನೂ ಏರದಿದ್ದ ಕಡೆ ಅದನ್ನು ಇನ್ನೂ ಇಳಿಸಿ ಏನು ಬಂತು? ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೂ ಹೃದಯಾಘಾತ ತಪ್ಪಿಸಲೆಂದು ಎಲ್ಲರಿಗೂ ಬಿ ವಿಟಮಿನ್ ಕೊಡಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದಿಲ್ಲ.

ವಿಟಮಿನ್ ಜೀವ ಉಳಿಸಿದ ಜಾಗ

ಬೆಲ್‌ಫಾಸ್ಟ್, ಬಾಸ್ಟನ್‌ನ ಆ ಮಕ್ಕಳ ಕಾಯಿಲೆಯಲ್ಲಿ ಮಾತ್ರ ಯಾವ ಅನುಮಾನವೂ ಇಲ್ಲ. ಅಲ್ಲಿ ಹೋಮೋಸಿಸ್ಟೀನ್ 100 ದಾಟಿರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಮೂವತ್ತು ವಯಸ್ಸಿನೊಳಗೆ ಅರ್ಧದಷ್ಟು ಜನಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರುತ್ತಿತ್ತು. ಸುಮಾರು ಅರ್ಧ ರೋಗಿಗಳಿಗೆ ದೊಡ್ಡ ಪ್ರಮಾಣದ ಬಿ6 ಕೊಟ್ಟರೆ ಕೆಟ್ಟ ವಾಲ್ವ್ ಸ್ವಲ್ಪವಾದರೂ ತಿರುಗುತ್ತದೆ. ಉಳಿದವರಿಗೆ ಪ್ರೊಟೀನ್ ಅಳತೆ ಮಾಡಿ ಕೊಡುವ ಪಥ್ಯ, ಬೀಟೇನ್ ಅನ್ನುವ ಔಷಧ. 2001ರಲ್ಲಿ ಆಸ್ಟ್ರೇಲಿಯಾ ಮತ್ತು ಯುರೋಪಿನ ವೈದ್ಯರು ಇಂಥ 158 ರೋಗಿಗಳ ಲೆಕ್ಕ ಕೊಟ್ಟರು. ಚಿಕಿತ್ಸೆ ಇಲ್ಲದಿದ್ದರೆ ಅಷ್ಟು ವರ್ಷಗಳಲ್ಲಿ 112 ಬಾರಿ ರಕ್ತನಾಳದ ಅವಘಡ ಆಗಬೇಕಿತ್ತು. ಆಗಿದ್ದು 17.

ನಮ್ಮ ಕಡೆ ಕಥೆ ಬೇರೆ

ಅಮೆರಿಕದವರ ಲೆಕ್ಕವನ್ನು ಹಾಗೇ ತಂದು ನಮ್ಮ ರಿಪೋರ್ಟಿಗೆ ಅಂಟಿಸಲು ಬರುವುದಿಲ್ಲ. ಅಲ್ಲಿ ಮಾತೆಲ್ಲ ಫೋಲೇಟ್ ಸುತ್ತ. ನಮ್ಮಲ್ಲಿ ಕೊರತೆ ಬಿ12ದು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತವರ ತಂಡ 2006ರಲ್ಲಿ 441 ನಡುವಯಸ್ಸಿನ ಗಂಡಸರ ರಕ್ತ ನೋಡಿತು. ಹಳ್ಳಿಯವರು, ಕೊಳೆಗೇರಿಯವರು, ನಗರದ ಮಧ್ಯಮ ವರ್ಗದವರು ಮೂರೂ ಇದ್ದರು. ಶೇ. 67 ಜನಕ್ಕೆ ಬಿ12 ಕಡಿಮೆ. ಶೇ. 58 ಜನಕ್ಕೆ ಹೋಮೋಸಿಸ್ಟೀನ್ ಜಾಸ್ತಿ. ಅನುಕೂಲಸ್ಥರಾದ ಮಧ್ಯಮ ವರ್ಗದವರಲ್ಲೇ ಕೊರತೆ ಎಲ್ಲರಿಗಿಂತ ಹೆಚ್ಚಿತ್ತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಅನ್ನುವ ಕಡೆ, ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಶೇ. 43 ಹೆಂಗಸರಿಗೆ ಬಿ12 ಕಡಿಮೆ. ಫೋಲೇಟ್ ಕಡಿಮೆ ಇದ್ದವರು ಶೇ. 4 ಮಾತ್ರ.

ಯಾಕೆ ಹೀಗೆ? ಫೋಲೇಟ್ ಸೊಪ್ಪಿನಲ್ಲಿದೆ, ಕಾಳಿನಲ್ಲಿದೆ. ಬಸ್ಸಾರು, ಉಸಲಿ, ಮೆಂತ್ಯ ಸೊಪ್ಪಿನ ಪಲ್ಯ ತಿನ್ನುವವರಿಗೆ ಅದು ಹೇಗೋ ಸಿಗುತ್ತದೆ. ಬಿ12 ಗಿಡದಲ್ಲಿ ಹುಟ್ಟುವುದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು ಇಷ್ಟರಲ್ಲೇ ಇರುವುದು. ದೊಡ್ಡವರಿಗೆ ದಿನಕ್ಕೆ ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಜಾಸ್ತಿ ಬೇಕು. ದೊಡ್ಡ ಲೋಟ ಹಾಲಿನಲ್ಲಿ ಒಂದು ಮೈಕ್ರೋಗ್ರಾಂ ಆಸುಪಾಸು ಸಿಗುತ್ತದೆ. ‘ನಾವು ದಿನಾ ಹಾಲು ಮೊಸರು ತಿಂತೀವಲ್ಲ’ ಅನ್ನುವವರು ಒಮ್ಮೆ ಅಳೆದು ನೋಡಬೇಕು. ಬೆಳಿಗ್ಗೆ ಅರ್ಧ ಲೋಟ ಕಾಫಿಯಲ್ಲಿ ಇರುವ ಹಾಲೆಷ್ಟು? ಊಟದ ಕೊನೆಗೆ ನೀರು ಮಜ್ಜಿಗೆಯಲ್ಲಿ ಮೊಸರೆಷ್ಟು?

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳೂ ಹಾಗೆಯೇ. ವಯಸ್ಸಾದ ಹಾಗೆ ಹೊಟ್ಟೆಯ ಆಮ್ಲ ತಗ್ಗಿ ಬಿ12 ಸೇರುವುದು ತಾನಾಗಿಯೇ ಕಡಿಮೆಯಾಗುತ್ತದೆ. ಸಸ್ಯಾಹಾರಿ, ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್ ಮಾತ್ರೆ, ಅರವತ್ತು ದಾಟಿದ ವಯಸ್ಸು ನಾಲ್ಕೂ ಕೂಡಿದವರು ನಮ್ಮ ಎಷ್ಟು ಮನೆಗಳಲ್ಲಿಲ್ಲ ಹೇಳಿ.

ಬಿ12 ಕೊರತೆ ತುಂಬಬೇಕಾದದ್ದು ಹೃದಯದ ಹೆದರಿಕೆಗೆ ಅಲ್ಲ, ನರಗಳಿಗಾಗಿ. ಕಾಲು ಜುಮ್ಮೆನ್ನುವುದು, ನಡೆಯುವಾಗ ತೋಲ ತಪ್ಪುವುದು, ಮರೆವು, ಸುಸ್ತು, ರಕ್ತಹೀನತೆ ಎಲ್ಲ ಅದರಿಂದ ಬರುತ್ತವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಬಿ12 ಕಡಿಮೆ ಇರುವವರು ಬರೀ ಫೋಲಿಕ್ ಆಮ್ಲದ ಮಾತ್ರೆ ತಗೊಂಡರೆ ರಕ್ತಹೀನತೆ ಸರಿಹೋದ ಹಾಗೆ ಕಾಣುತ್ತದೆ. ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ನರ ಒಂದು ಹಂತ ಮೀರಿ ಕೆಟ್ಟರೆ ಆಮೇಲೆ ಬಿ12 ಕೊಟ್ಟರೂ ಪೂರ್ತಿ ಸರಿಹೋಗುವುದಿಲ್ಲ.

ರಿಪೋರ್ಟಿನಲ್ಲಿ ‘ಹೈ’ ಬಂದಿದ್ದರೆ

ಮೊದಲು ರಕ್ತ ಹೇಗೆ ತೆಗೆದರು ಅಂತ ನೆನಪಿಸಿಕೊಳ್ಳಿ. ಟ್ಯೂಬಿನೊಳಗಿರುವ ಕೆಂಪು ರಕ್ತಕಣಗಳು ಹೋಮೋಸಿಸ್ಟೀನನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಸಾಮಾನ್ಯ ತಾಪಮಾನದಲ್ಲಿ ಇಟ್ಟರೆ ಗಂಟೆಗೆ ಸುಮಾರು ಶೇ. 10ರಷ್ಟು ಸಂಖ್ಯೆ ಏರುತ್ತದೆ. ಅದಕ್ಕೇ ಟ್ಯೂಬನ್ನು ಐಸಿನಲ್ಲಿಡಬೇಕು, ಬೇಗ ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸಬೇಕು. ಮನೆಗೆ ಬಂದು ರಕ್ತ ತೆಗೆದ ಹುಡುಗ ಇನ್ನೂ ಆರು ಮನೆ ಸುತ್ತಿ, ಟ್ರಾಫಿಕ್ಕಿನಲ್ಲಿ ನಿಂತು ಲ್ಯಾಬ್ ಸೇರಿದ್ದರೆ? 14 ಇದ್ದದ್ದು 19 ಆಗಿರಬಹುದು.

ಸಂಖ್ಯೆ ನಿಜವಾಗಿಯೂ ಹೆಚ್ಚಿದ್ದರೆ ಡಾಕ್ಟರು ಕೇಳುವ ಮುಂದಿನ ಟೆಸ್ಟುಗಳು ಬಿ12, ಫೋಲೇಟ್, ಮೂತ್ರಪಿಂಡಕ್ಕೆ ಕ್ರಿಯೇಟಿನಿನ್, ಜೊತೆಗೆ ಥೈರಾಯ್ಡ್. ಥೈರಾಯ್ಡ್ ಕಡಿಮೆಯಾದರೂ ಹೋಮೋಸಿಸ್ಟೀನ್ ಏರುತ್ತದೆ. 15ರಿಂದ 30ರ ನಡುವೆ ಇರುವವರಲ್ಲಿ ನಮ್ಮ ಕಡೆ ಬಹುತೇಕ ಸಿಗುವುದು ಬಿ12 ಕೊರತೆ. ಅದಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ಅಂತ ಅವರೇ ತೀರ್ಮಾನಿಸುತ್ತಾರೆ, ಕೆಲವು ವಾರ ಬಿಟ್ಟು ಮತ್ತೆ ನೋಡಿದರೆ ಸಂಖ್ಯೆ ಇಳಿದಿರುತ್ತದೆ. 100 ದಾಟಿದ್ದರೆ, ಅದರಲ್ಲೂ ಚಿಕ್ಕ ವಯಸ್ಸಿನವರಾಗಿದ್ದರೆ, ಆನುವಂಶಿಕ ಕಾಯಿಲೆ ಇದೆಯಾ ಅಂತ ತಡಮಾಡದೆ ತಜ್ಞರಿಗೆ ತೋರಿಸಬೇಕು.

ಸಂಖ್ಯೆ ಇಳಿಯಿತು ಅಂತ ಬಿಪಿ ಮಾತ್ರೆಯನ್ನೋ ಸ್ಟ್ಯಾಟಿನ್ನನ್ನೋ ನಿಲ್ಲಿಸುವವರಿದ್ದಾರೆ. ಹೋಪ್-2, ನಾರ್ವಿಟ್ ಪರೀಕ್ಷೆಗಳಲ್ಲಿ ಹೋಮೋಸಿಸ್ಟೀನ್ ಇಳಿದವರಿಗೂ ಹೃದಯಾಘಾತವಾಗಿತ್ತು. ಆ ಮಾತ್ರೆಗಳು ಮಾಡುವ ಕೆಲಸವನ್ನು ಬಿ ವಿಟಮಿನ್ ಮಾಡುವುದಿಲ್ಲ.